ಹದಿಹರೆಯದ ತಪ್ಪೂ ಆತ್ಮಕರುಣೆಯೂ: ಗಾಂಧೀಜಿಯವರ ಆತ್ಮಕಥೆಯ ಎರಡು ಅಧ್ಯಾಯಗಳ ಪರಿಶೀಲನೆ

ಆತ್ಮಚರಿತ್ರೆಗಳನ್ನು ಇತಿಹಾಸದ ಆಕರಗಳನ್ನಾಗಿ ಬಳಸುವವರು ಸಾಮಾನ್ಯವಾಗಿ ಒಂದು ಕಡೆಗೆ ಮಾತ್ರ ಎಚ್ಚರವಾಗಿರುತ್ತಾರೆ. ಬರೆದವನು ತನ್ನನ್ನು ಹೊಗಳಿಕೊಂಡಿರಬಹುದು, ಪ್ರತಿಪಕ್ಷದವರಿಗೆ ಅನ್ಯಾಯ ಮಾಡಿರಬಹುದು, ತನಗೆ ಅನುಕೂಲವಲ್ಲದ ಸಂಗತಿಗಳನ್ನು ಬಿಟ್ಟಿರಬಹುದು ಎಂದು ಶಂಕಿಸುತ್ತಾರೆ. ಆದರೆ ಬರೆದವನು ತನ್ನನ್ನೇ ಹಳಿದುಕೊಂಡ ಪುಟಗಳಿಗೆ ಬಂದೊಡನೆ ಈ ಶಂಕೆ ಕರಗಿಹೋಗುತ್ತದೆ. ತನಗೆ ವಿರೋಧವಾಗಿ ತಾನೇ ಸಾಕ್ಷಿ ನುಡಿಯುವವನು ಸುಳ್ಳಾಡನೆಂದು ನಾವೆಲ್ಲರೂ ನಂಬಿದ್ದೇವೆ. ಈ ನಂಬಿಕೆ ಬಹುಮಟ್ಟಿಗೆ ಸರಿಯಾದುದೇ. ಆದರೂ ಸುಳ್ಳಾಡದವನು ತಪ್ಪು ತೀರ್ಪನ್ನು ಕೊಡಲಾರನೆಂದು ಇದರಿಂದ ಸಿದ್ಧವಾಗುವುದಿಲ್ಲ. ತನ್ನ ಹದಿನೈದು ಹದಿನಾರನೆಯ ವರ್ಷದ ಬಾಳನ್ನು ಐವತ್ತು ದಾಟಿದ ಮೇಲೆ ವಿಚಾರಣೆಗೆ ಗುರಿಪಡಿಸುವ ಲೇಖಕನಲ್ಲಿ ಈ ಭೇದವು ಬಹಳ ಸ್ಪಷ್ಟವಾಗಿ ಕಾಣುತ್ತದೆ. ಮಹಾತ್ಮಾ ಗಾಂಧಿಯವರ ಆತ್ಮಕಥೆಯ ಮೊದಲನೆಯ ಭಾಗದಲ್ಲಿ ಒಂದರ ಬೆನ್ನಿಗೊಂದು ಬರುವ ಎಂಟು ಮತ್ತು ಒಂಬತ್ತನೆಯ ಅಧ್ಯಾಯಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಗ್ರಂಥವು ಮೊದಲು ಗುಜರಾತಿಯಲ್ಲಿ, 'ನವಜೀವನ' ಪತ್ರಿಕೆಯಲ್ಲಿ ೧೯೨೫ರ ಕೊನೆಯಿಂದ ೧೯೨೯ರ ಆರಂಭದವರೆಗೆ ಕಂತುಕಂತಾಗಿ ಪ್ರಕಟವಾಯಿತು. ಮಹಾದೇವ ದೇಸಾಯಿಯವರ ಇಂಗ್ಲಿಷ್ ಅನುವಾದವು 'ಯಂಗ್ ಇಂಡಿಯಾ' ಪತ್ರಿಕೆಯಲ್ಲಿ ಬಂದು, ೧೯೨೭ ಮತ್ತು ೧೯೨೯ರಲ್ಲಿ ಎರಡು ಸಂಪುಟಗಳಾಗಿ ಹೊರಬಿತ್ತು. ಕನ್ನಡದ ಓದುಗರಿಗೆ ಅದು ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅವರ ಅನುವಾದದ ಮೂಲಕ ಚಿರಪರಿಚಿತವಾಗಿದೆ. ಬರೆಯಲಾರಂಭಿಸಿದಾಗ ಲೇಖಕರಿಗೆ ಐವತ್ತಾರು ವರ್ಷ. ನಾವು ಗಮನಿಸಲಿರುವ ಘಟನೆಗಳು ನಡೆದುದು ಅದಕ್ಕೆ ನಲವತ್ತು ವರ್ಷಗಳ ಹಿಂದೆ. ಇವರಿಬ್ಬರನ್ನೂ ಒಬ್ಬರೆಂದೇ ಎಣಿಸಿ ಓದುವುದರಿಂದ ಎಷ್ಟೋ ಗೊಂದಲಗಳು ಹುಟ್ಟುತ್ತವೆ. ಆದ್ದರಿಂದ ಲೇಖನದ ಉದ್ದಕ್ಕೂ ಬಾಲಕನನ್ನು ಮೋಹನದಾಸನೆಂದೂ ಬರೆದವರನ್ನು ಗಾಂಧೀಜಿಯವರೆಂದೂ ಕರೆಯುತ್ತೇವೆ. ಏಕವಚನ ಬಹುವಚನಗಳ ಈ ಭೇದವು ನಮ್ಮ ಭಾಷೆಯಲ್ಲಿ ಸುಲಭವಾಗಿ ದೊರೆಯುವುದು ಈ ಸಂದರ್ಭದಲ್ಲಿ ನಮಗೊಂದು ಸೌಕರ್ಯವೇ ಸರಿ.

ಹದಿಹರೆಯವು ಪ್ರತ್ಯೇಕವಾದ ಶಾಸ್ತ್ರೀಯ ಅಧ್ಯಯನಕ್ಕೆ ವಿಷಯವಾದುದು ಬಹಳ ಹಿಂದಿನಿಂದಲೇನೂ ಅಲ್ಲ. ಅಮೆರಿಕದ ಸ್ಟಾನ್ಲಿ ಹಾಲ್ ೧೯೦೪ರಲ್ಲಿ ಎರಡು ದೊಡ್ಡ ಸಂಪುಟಗಳಲ್ಲಿ ಅದನ್ನು ಪ್ರತಿಪಾದಿಸಿದ ಮೇಲೆ ಅದಕ್ಕೊಂದು ಸ್ಥಾನ ದೊರೆಯಿತು. ೧೯೫೦ರಲ್ಲಿ ಎರಿಕ್ ಎರಿಕ್ಸನ್ ಅದನ್ನು 'ನಾನು ಯಾರು' ಎಂಬ ಪ್ರಶ್ನೆಯ ಕಾಲವೆಂದು ವಿವರಿಸಿದನು. ೧೯೬೭ರಲ್ಲಿ ಡೇವಿಡ್ ಎಲ್ಕಿಂಡ್ ಎಂಬಾತನು ಈ ವಯಸ್ಸಿನ ಎರಡು ಭ್ರಮೆಗಳನ್ನು ಗುರುತಿಸಿದನು: ತನ್ನನ್ನು ಎಲ್ಲರೂ ಸದಾ ನೋಡುತ್ತಿರುವರೆಂಬ 'ಕಲ್ಪಿತ ಪ್ರೇಕ್ಷಕವರ್ಗ'ದ ಭ್ರಮೆ ಒಂದು, ತನಗಾದುದು ಲೋಕದಲ್ಲಿ ಬೇರೆ ಯಾರಿಗೂ ಆಗಿಲ್ಲವೆಂಬ 'ಸ್ವಂತ ಪುರಾಣ'ದ ಭ್ರಮೆ ಇನ್ನೊಂದು. ಶಾಲೆ ಬಿಟ್ಟೊಡನೆ ಯಾರಾದರೂ ಗೇಲಿ ಮಾಡಿಯಾರೆಂದು ಹೆದರಿ ಮನೆಗೆ ಓಡುತ್ತಿದ್ದ ಮೋಹನದಾಸನನ್ನು ಬಲ್ಲವರಿಗೆ ಮೊದಲನೆಯದಕ್ಕೆ ಬೇರೆ ಉದಾಹರಣೆ ಬೇಕಾಗಿಲ್ಲ. ಎರಡನೆಯದನ್ನು ಮುಂದೆ ನೋಡಲಿದ್ದೇವೆ.

ಈ ಶತಮಾನದ ಆರಂಭದಲ್ಲಿ, ೨೦೦೩ರಲ್ಲಿ, ಕ್ರಿಸ್ಟಿನ್ ನೆಫ್ ಎಂಬ ವಿದುಷಿ ಇವುಗಳಿಗೆ ಪ್ರತಿಯಾಗಿ ನಿಲ್ಲುವ ಗುಣವೊಂದನ್ನು ವಿವರಿಸಿದರು. ಅದನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು? 'ಸ್ವಾನುಕಂಪ' ಎಂಬ ಮಾತು ನಮ್ಮಲ್ಲಿದೆ; ಆದರೆ ವಿಮರ್ಶಕರ ಬಳಕೆಯಲ್ಲಿ ಅದಕ್ಕೆ ತನ್ನ ಗೋಳನ್ನು ತಾನೇ ಮೆಲುಕು ಹಾಕುವುದೆಂಬ ಕೆಟ್ಟ ಅರ್ಥ ಅಂಟಿಕೊಂಡಿದೆ. ನೆಫ್ ಹೇಳುವುದು ಅದಕ್ಕೆ ವಿರುದ್ಧವಾದುದು. ಆದ್ದರಿಂದ 'ಆತ್ಮಕರುಣೆ' ಎಂದು ಬಳಸುತ್ತೇವೆ. ಅದಕ್ಕೆ ಮೂರು ಅಂಗಗಳಿವೆ: ತನ್ನನ್ನು ಕಠೋರವಾಗಿ ಹಳಿಯದೆ ಹಿತದಿಂದ ಕಾಣುವುದು, ತನ್ನ ಕುಂದನ್ನು ಮನುಷ್ಯಮಾತ್ರರೆಲ್ಲರಿಗೂ ಸಾಮಾನ್ಯವಾದುದೆಂದು ಅರಿಯುವುದು, ನೋವನ್ನು ಅಡಗಿಸದೆ ಹಿಗ್ಗಿಸದೆ ಇದ್ದಂತೆ ನೋಡುವುದು. ಬೌದ್ಧ ವಿಚಾರಕ್ಕೆ ತಾವು ಋಣಿಯೆಂದು ಆಕೆ ಹೇಳಿಕೊಂಡಿದ್ದಾರೆ. ಅದು ಸಹಜವೇ, ಐದನೆಯ ಶತಮಾನದ ಬುದ್ಧಘೋಷನು 'ವಿಶುದ್ಧಿಮಗ್ಗ'ದಲ್ಲಿ ಮೈತ್ರಿಭಾವನೆಯನ್ನು ಸಾಧಕನು ಮೊದಲು ತನ್ನಿಂದಲೇ ಆರಂಭಿಸತಕ್ಕದ್ದೆಂದು ವಿಧಿಸಿದ್ದಾನೆ. ೨೦೧೦ರಲ್ಲಿ ನೆಫ್ ಮತ್ತು ಮೆಕ್‌ಗೀ ಹದಿಹರೆಯದವರನ್ನು ಕುರಿತು ನಡೆಸಿದ ಅಧ್ಯಯನವು ಈ ಗುಣಕ್ಕೂ ಮನಸ್ಸಿನ ಸ್ವಾಸ್ಥ್ಯಕ್ಕೂ ನಂಟಿರುವುದನ್ನು ಮಾತ್ರವಲ್ಲದೆ, ಮನೆಯವರ ನಡವಳಿಕೆಗೂ ಈ ಗುಣಕ್ಕೂ ನಂಟಿರುವುದನ್ನು ತೋರಿಸಿತು.

ಈ ವಿಚಾರದ ಬಗ್ಗೆ ನಮಗೊಂದು ಆಕ್ಷೇಪವಿದೆ. ನೆಫ್ ಅದನ್ನು ಅಳೆಯಲು ಇಪ್ಪತ್ತಾರು ವಾಕ್ಯಗಳ ಪ್ರಶ್ನಾವಳಿಯೊಂದನ್ನು ರಚಿಸಿದರು. ಉತ್ತರ ಕೊಡುವವನು ತನ್ನನ್ನು ತಾನು ಹೇಗೆ ನಡೆಸಿಕೊಳ್ಳುತ್ತಾನೆಂದು ತಾನೇ ಹೇಳಬೇಕು. ಹೀಗೆ ಅಳೆದಾಗ ಆತ್ಮಕರುಣೆಯು ಒಬ್ಬನೊಳಗೇ ಹುಟ್ಟಿ ಒಬ್ಬನೊಳಗೇ ಮುಗಿಯುವ ವ್ಯವಹಾರದಂತೆ ತೋರುತ್ತದೆ. ಹದಿಹರೆಯದವನು ತಪ್ಪು ಮಾಡಿದಾಗ ಅದನ್ನು ಕೇಳಿಸಿಕೊಂಡವರಾರು, ಹೇಗೆ ಕೇಳಿಸಿಕೊಂಡರು ಎಂಬುದು ಆ ಲೆಕ್ಕದಲ್ಲಿ ಹಿಂದೆ ಸರಿಯುತ್ತದೆ. ಇತಿಹಾಸದ ಆಕರಗಳಾದರೋ ಅದನ್ನೇ ಮುಂದೆ ತಂದು ನಿಲ್ಲಿಸುತ್ತವೆ.

ಎಂಟನೆಯ ಅಧ್ಯಾಯದ ಕಥೆ ಎಲ್ಲರಿಗೂ ತಿಳಿದುದು. ಮೋಹನದಾಸನಿಗೆ ಹದಿನೈದು ವರ್ಷ. ಅವನ ಅಣ್ಣನೊಬ್ಬನು ಇಪ್ಪತ್ತೈದು ರೂಪಾಯಿಗಳಷ್ಟು ಸಾಲ ಮಾಡಿಕೊಂಡಿದ್ದನು. ಅಣ್ಣನ ತೋಳಿನ ಗಟ್ಟಿ ಚಿನ್ನದ ಕಡಗದಿಂದ ಚೂರೊಂದನ್ನು ಕತ್ತರಿಸಿ ಸಾಲವನ್ನು ತೀರಿಸಲಾಯಿತು. ಆ ಬಳಿಕ ಬಾಲಕನಿಗೆ ಅದನ್ನು ಸಹಿಸಲಾಗಲಿಲ್ಲ. ತಂದೆಯೆದುರು ನಾಲಗೆ ಏಳದಾದುದರಿಂದ ಚೀಟಿಯಲ್ಲಿ ಬರೆದನು. ತಪ್ಪನ್ನು ಒಪ್ಪಿಕೊಂಡು, ತಕ್ಕ ಶಿಕ್ಷೆಯನ್ನು ಕೇಳಿ, ಮತ್ತೆ ಕದಿಯುವುದಿಲ್ಲವೆಂದು ಮಾತು ಕೊಟ್ಟು, ತನ್ನ ತಪ್ಪಿಗಾಗಿ ತಂದೆಯು ತಮ್ಮನ್ನು ದಂಡಿಸಿಕೊಳ್ಳಬಾರದೆಂದೂ ಬೇಡಿಕೊಂಡನು. ಭಗಂದರ ರೋಗದಿಂದ ಹಲಗೆಯ ಮೇಲೆ ಮಲಗಿದ್ದ ಕರಮಚಂದರು ಎದ್ದು ಕುಳಿತು ಓದಿದರು. ಕಣ್ಣೀರು ಚೀಟಿಯನ್ನು ತೋಯಿಸಿತು. ಒಂದು ಗಳಿಗೆ ಕಣ್ಣು ಮುಚ್ಚಿದ್ದು ಚೀಟಿಯನ್ನು ಹರಿದುಹಾಕಿ ಮತ್ತೆ ಮಲಗಿದರು. ಬೈಗುಳವನ್ನೂ ಹಣೆ ಚಚ್ಚಿಕೊಳ್ಳುವುದನ್ನೂ ನಿರೀಕ್ಷಿಸಿ ಎದುರಿಗೆ ಕುಳಿತಿದ್ದ ಹುಡುಗನೂ ಅತ್ತನು.

ಈ ಪ್ರಸಂಗವನ್ನು ಗಾಂಧೀಜಿಯವರು ಅಹಿಂಸೆಯ ಪಾಠವೆಂದು ಅರ್ಥೈಸಿದ್ದಾರೆ. ನಮ್ಮ ಗಮನವನ್ನು ಸೆಳೆಯುವುದು ಅಧ್ಯಾಯದ ಧ್ವನಿ. ಕಳ್ಳತನವನ್ನು ಕಳ್ಳತನವೆಂದೇ ಕರೆಯಲಾಗಿದೆ, ಎಲ್ಲಿಯೂ ರಿಯಾಯಿತಿಯಿಲ್ಲ. ಆದರೆ ಬೈಗುಳವೂ ಇಲ್ಲ. ಸಾಲವೆಷ್ಟು, ಯಾರದು, ಚಿನ್ನ ಎಲ್ಲಿಂದ ಬಂತು, ಹುಡುಗನು ಏಕೆ ಬಾಯಿಬಿಡಲಾರದೆ ಹೋದನು ಎಂಬುದೆಲ್ಲ ಅಳತೆಗೆ ಸರಿಯಾಗಿ ಬಂದಿದೆ. ತಂದೆಯ ಏಟಿಗೆ ಹೆದರಿದ್ದೆನೆಂದಲ್ಲ, ತಂದೆಗೆ ನೋವಾದೀತೆಂದು ಹೆದರಿದ್ದೆನೆಂಬ ಸೂಕ್ಷ್ಮವೂ ಬಿಟ್ಟುಹೋಗಿಲ್ಲ. ತಪ್ಪು ಕ್ಷಮಿಸಲ್ಪಟ್ಟ ಕಾರಣದಿಂದಲೇ ಅದನ್ನು ಹೀಗೆ ಸ್ಪಷ್ಟವಾಗಿ ನೋಡಲು ಸಾಧ್ಯವಾಯಿತೆಂದು ನಾವು ಹೇಳುತ್ತೇವೆ. ದಾಖಲೆಗಳ ನಾಶಕ್ಕೆ ಮರುಗುವುದು ನಮ್ಮ ವೃತ್ತಿಯ ಅಭ್ಯಾಸ. ಹರಿದುಹೋದ ಈ ಒಂದು ಚೀಟಿಯ ಮಟ್ಟಿಗೆ ಅದನ್ನು ಕೈಬಿಡಬಹುದಾಗಿದೆ.

ಇದೇ ವಯಸ್ಸಿನ ಬೇರೆ ಎರಡು ಕಳ್ಳತನಗಳು ಆತ್ಮಚರಿತ್ರೆಯ ಚರಿತ್ರೆಯಲ್ಲಿ ಪ್ರಸಿದ್ಧವಾಗಿವೆ. ೩೫೪ರಲ್ಲಿ ಉತ್ತರ ಆಫ್ರಿಕದ ತಗಾಸ್ತೆಯಲ್ಲಿ ಹುಟ್ಟಿದ ಅಗಸ್ಟೀನನು ಹದಿನಾರನೆಯ ವಯಸ್ಸಿನಲ್ಲಿ, ತಂದೆಯ ಬಳಿ ಹಣವಿಲ್ಲದೆ ಓದು ನಿಂತಿದ್ದ ಒಂದು ವರ್ಷ, ಗೆಳೆಯರೊಡನೆ ರಾತ್ರಿ ನೆರೆಯವರ ಪೇರು ಹಣ್ಣುಗಳನ್ನು ಕದ್ದು ಹಂದಿಗಳಿಗೆ ಎಸೆದನು. ನಾಲ್ಕನೆಯ ಶತಮಾನದ ಕೊನೆಯಲ್ಲಿ ಬರೆಯಲಾರಂಭಿಸಿದ 'ಕನ್ಫೆಶನ್ಸ್' ಗ್ರಂಥದ ಎರಡನೆಯ ಭಾಗದಲ್ಲಿ ಅವನು ಇದಕ್ಕೆ ಹಲವಾರು ಪುಟಗಳನ್ನು ಮೀಸಲಿಟ್ಟಿದ್ದಾನೆ. ಹಸಿವಿಲ್ಲದೆ, ರುಚಿಗಲ್ಲದೆ, ಕದಿಯುವುದಕ್ಕಾಗಿಯೇ ಕದ್ದೆನಲ್ಲಾ ಎಂಬುದು ಅವನ ತಳಮಳ. ಬರ್ಟ್ರಂಡ್ ರಸೆಲ್ ೧೯೪೫ರಲ್ಲಿ ಪ್ರಕಟವಾದ ತನ್ನ ಪಾಶ್ಚಾತ್ಯ ತತ್ತ್ವಶಾಸ್ತ್ರದ ಇತಿಹಾಸದಲ್ಲಿ ಇದು ಇಂದಿನವರಿಗೆ ರೋಗಗ್ರಸ್ತವಾಗಿ ಕಾಣುವುದೆಂದು ನಕ್ಕು, ಗಾಂಧೀಜಿಯವರ ಆತ್ಮಕಥೆಯಲ್ಲಿಯೂ ಇಂಥ ಭಾಗಗಳಿವೆಯೆಂದು ಅಡಿಟಿಪ್ಪಣಿಯಲ್ಲಿ ಸೇರಿಸಿದ್ದಾನೆ. ರಸೆಲ್ ಅವಸರಪಟ್ಟನೆಂದು ನಮಗೆ ತೋರುತ್ತದೆ. ಒಬ್ಬನೇ ಇದ್ದಿದ್ದರೆ ತಾನು ಆ ಕೆಲಸಕ್ಕೆ ಕೈಹಾಕುತ್ತಿರಲಿಲ್ಲ, ಗುಂಪಿನಲ್ಲಿ ನಾಚಿಕೆಪಡದಿರುವುದೇ ನಾಚಿಕೆಯಾಗುತ್ತದೆ ಎಂದು ಅಗಸ್ಟೀನನು ಕಂಡುಕೊಂಡ ಸತ್ಯವು ಹದಿಹರೆಯವನ್ನು ಕುರಿತ ಇಂದಿನ ಗ್ರಂಥಗಳಲ್ಲಿಯೂ ಸಲ್ಲುವಂಥದು.

ರೂಸೋನ ಪ್ರಸಂಗವು ಇನ್ನೂ ಕಹಿಯಾದುದು. ೧೭೨೮ರಲ್ಲಿ ಟ್ಯೂರಿನ್ ನಗರದ ಮನೆಯೊಂದರಲ್ಲಿ ಸೇವಕನಾಗಿದ್ದ ಹದಿನಾರರ ರೂಸೋ, ಮನೆಯೊಡತಿ ತೀರಿಕೊಂಡ ಸಮಯದಲ್ಲಿ ಒಂದು ಹಳೆಯ ಪಟ್ಟಿಯನ್ನು, ಎಂದರೆ ಬಣ್ಣದ ರಿಬ್ಬನನ್ನು, ಕದ್ದನು. ಸಿಕ್ಕಿಬಿದ್ದಾಗ ಅದನ್ನು ಅಡಿಗೆಯ ಹುಡುಗಿ ಮರಿಯೋನ್ ತನಗೆ ಕೊಟ್ಟಳೆಂದು ಎಲ್ಲರೆದುರಿಗೆ ಹೇಳಿದನು. ಇಬ್ಬರನ್ನೂ ಕೆಲಸದಿಂದ ಬಿಡಿಸಲಾಯಿತು. ತಾನು ಸತ್ತ ಬಳಿಕ ೧೭೮೨ರಲ್ಲಿ ಹೊರಬಿದ್ದ ಗ್ರಂಥದಲ್ಲಿ ಅವನು ಇದನ್ನು ಬಿಚ್ಚಿ ಹೇಳಿದ್ದಾನೆ. ಅವನ ವಿವರಣೆ ಚತುರವಾದುದು: ಶಿಕ್ಷೆಗಿಂತ ನಾಚಿಕೆಗೆ ಹೆದರಿದೆನು, ನನ್ನನ್ನು ಏಕಾಂತಕ್ಕೆ ಕರೆದು ಮೆಲ್ಲಗೆ ಕೇಳಿದ್ದರೆ ಆಗಲೇ ಒಪ್ಪಿಕೊಳ್ಳುತ್ತಿದ್ದೆನು, ನಾನಿನ್ನೂ ಹುಡುಗನಾಗಿದ್ದೆನು. ಇದೆಲ್ಲ ನಿಜವೇ ಇರಬಹುದು. ಮರಿಯೋನಳ ಮುಂದಿನ ಗತಿಯನ್ನು ನೆನೆದು ತಾನು ನರಳಿದುದನ್ನೂ ಅವನು ಹೇಳದೆ ಬಿಟ್ಟಿಲ್ಲ. ಆದರೆ ಕೊನೆಯಲ್ಲಿ ತಾನು ಪಟ್ಟ ಕಷ್ಟಗಳೇ ಅವಳ ಪರವಾಗಿ ಸೇಡು ತೀರಿಸಿವೆಯೆಂದು ಲೆಕ್ಕವನ್ನು ಮುಗಿಸಿಬಿಡುತ್ತಾನೆ. ಆತ್ಮಕರುಣೆಯೆಂದರೆ ತಪ್ಪಿನಿಂದ ಜಾರಿಕೊಳ್ಳುವ ಉಪಾಯವೆಂದು ಶಂಕಿಸುವವರಿಗೆ ಇದೊಂದು ಒಳ್ಳೆಯ ನಿದರ್ಶನ. ಆದರೆ ಇಲ್ಲಿ ಅತಿಯಾದುದು ಕರುಣೆಯೆಂದು ನಮಗೆ ಅನಿಸುವುದಿಲ್ಲ. ಅದು ಮರಿಯೋನಳವರೆಗೆ ಹೋಗಿ ನಿಲ್ಲದೆ ಹಿಂದಿರುಗಿತು, ಅಷ್ಟೆ.

ಮೂರು ಪ್ರಸಂಗಗಳಲ್ಲಿಯೂ ಕೇಳಿಸಿಕೊಂಡವರು ಬೇರೆ ಬೇರೆ. ಅಗಸ್ಟೀನನು ದೇವರಿಗೆ ನಿವೇದಿಸಿದನು; ರೂಸೋನನ್ನು ಮನೆಯ ಮಂದಿಯೆಲ್ಲ ಸೇರಿ ವಿಚಾರಿಸಿತು; ಮೋಹನದಾಸನ ಚೀಟಿಯನ್ನು ಅವನ ತಂದೆಯೊಬ್ಬರೇ ಓದಿದರು. ಉಪಾಧ್ಯಾಯರಾದ ನಮಗೆ ಇದಕ್ಕಿಂತ ಹತ್ತಿರದ ಸಾಕ್ಷಿಯೊಂದು ಆತ್ಮಕಥೆಯಲ್ಲಿಯೇ ಇದೆ. ರಾಜಕೋಟೆಯ ಶಾಲೆಯಲ್ಲಿ ಕಸರತ್ತು ಕಡ್ಡಾಯವಾಗಿದ್ದಾಗ, ತಂದೆಯ ಶುಶ್ರೂಷೆಯಲ್ಲಿದ್ದ ಹುಡುಗನು ಮೋಡ ಕವಿದ ಒಂದು ಶನಿವಾರ, ಗಡಿಯಾರವಿಲ್ಲದೆ ಹೊತ್ತು ತಪ್ಪಿ, ಎಲ್ಲರೂ ಹೋದ ಮೇಲೆ ತಲುಪಿದನು. ನಿಜವನ್ನು ಹೇಳಿದರೂ ಮುಖ್ಯೋಪಾಧ್ಯಾಯರು ನಂಬಲಿಲ್ಲ. ಒಂದೋ ಎರಡೋ ಆಣೆ ದಂಡ ಬಿತ್ತು. ದಂಡದ ಮೊತ್ತ ಲೇಖಕರಿಗೆ ನೆನಪಿಲ್ಲ. ಸುಳ್ಳುಗಾರನೆನ್ನಿಸಿಕೊಂಡು ಅತ್ತುದು ಮಾತ್ರ ಚೆನ್ನಾಗಿ ನೆನಪಿದೆ. ಅದರಿಂದ ಅವರು ತೆಗೆದ ಪಾಠ ವಿಚಿತ್ರವಾದುದು: ಸತ್ಯವಂತನು ಎಚ್ಚರಗಾರನೂ ಆಗಿರಬೇಕು. ನಂಬದೆ ಹೋದ ಹಿರಿಯರ ಮೇಲೆ ಒಂದು ಮಾತೂ ಇಲ್ಲ. ಹಿರಿಯರ ದೋಷವನ್ನು ಕಾಣದ ಕಣ್ಣು ತನ್ನದೆಂದು ಅವರು ಬೇರೆಡೆಯಲ್ಲಿ ಹೇಳಿಕೊಂಡಿದ್ದಾರೆ. ಆ ದಾಕ್ಷಿಣ್ಯದ ಬೆಲೆಯನ್ನು ಒಂಬತ್ತನೆಯ ಅಧ್ಯಾಯದಲ್ಲಿ ತೆತ್ತವನು ಹದಿನಾರರ ಹುಡುಗ.

೧೮೮೫ರ ನವೆಂಬರ್ ತಿಂಗಳು. ಕರಮಚಂದರ ರೋಗ ಬಲಿತಿತ್ತು. ವೈದ್ಯರ, ಹಕೀಮರ ಮದ್ದುಗಳೆಲ್ಲ ಮುಗಿದಿದ್ದವು. ಶಸ್ತ್ರಚಿಕಿತ್ಸೆಯ ಸಲಹೆಯನ್ನು ಮನೆಯ ವೈದ್ಯರು ವಯಸ್ಸಿನ ಕಾರಣದಿಂದ ಒಪ್ಪಿರಲಿಲ್ಲ. ಪ್ರತಿ ರಾತ್ರಿಯೂ ಮೋಹನದಾಸನು ತಂದೆಯ ಕಾಲನ್ನು ಒತ್ತುತ್ತಿದ್ದನು. ಆ ರಾತ್ರಿ ಹತ್ತೂವರೆ ಹನ್ನೊಂದರ ಹೊತ್ತಿಗೆ ಚಿಕ್ಕಪ್ಪನು ತಾನು ಒತ್ತುವೆನೆಂದು ಅವನನ್ನು ಕಳುಹಿಸಿದನು. ಅವನು ಸಂತೋಷದಿಂದ ತನ್ನ ಕೋಣೆಗೆ, ಗರ್ಭಿಣಿಯಾದ ಹೆಂಡತಿಯ ಬಳಿಗೆ, ಹೋದನು. ಐದಾರು ನಿಮಿಷಗಳಲ್ಲಿ ಸೇವಕನು ಬಂದು ಬಾಗಿಲು ತಟ್ಟಿದನು. ತಂದೆ ತೀರಿಕೊಂಡಿದ್ದರು.

ಗಾಂಧೀಜಿಯವರು ಈ ಅಧ್ಯಾಯವನ್ನು 'ಇಮ್ಮಡಿ ನಾಚಿಕೆ'ಯದೆಂದು ಹೆಸರಿಸಿದ್ದಾರೆ. ವಿದ್ಯಾರ್ಥಿಯಾಗಿದ್ದೂ ಸಂಯಮವನ್ನು ಪಾಲಿಸದಿದ್ದುದು ಒಂದು. ಕಾಮವು ಓದಿನ ಮೇಲೂ ಪಿತೃಭಕ್ತಿಯ ಮೇಲೂ ಗೆದ್ದುದು ಎರಡು. ಅಳಿಸಲಾಗದ ಕಲೆಯೆಂದು ಅದನ್ನು ಕರೆಯುತ್ತಾರೆ. ಕೊನೆಯಲ್ಲಿ, ಹುಟ್ಟಿದ ಶಿಶುವು ಮೂರು ನಾಲ್ಕು ದಿನಗಳಿಗಿಂತ ಹೆಚ್ಚು ಉಸಿರಾಡಲಿಲ್ಲವೆಂದು ತಿಳಿಸಿ, ಬೇರೆ ಏನನ್ನು ನಿರೀಕ್ಷಿಸಬಹುದಾಗಿತ್ತೆಂಬ ಧಾಟಿಯಲ್ಲಿ ವಿವಾಹಿತರೆಲ್ಲರಿಗೂ ತಮ್ಮ ಉದಾಹರಣೆಯಿಂದ ಎಚ್ಚರಿಕೆ ಕೊಡುತ್ತಾರೆ.

ಹಿಂದಿನ ಅಧ್ಯಾಯದ ಅಳತೆ ಇಲ್ಲಿ ಎಲ್ಲಿ ಹೋಯಿತು? ತಂದೆ ಆ ರಾತ್ರಿಯೇ ತೀರುವರೆಂದು ಮನೆಯಲ್ಲಿ ಯಾರೂ ಎಣಿಸಿರಲಿಲ್ಲವೆಂದು ಲೇಖಕರೇ ಬರೆದಿದ್ದಾರೆ. ಹುಡುಗನು ಕದ್ದು ಹೋದವನಲ್ಲ. ಹಿರಿಯನೊಬ್ಬನು ಕಳುಹಿಸಿ ಹೋದವನು. ತಿಂಗಳುಗಟ್ಟಲೆ ನಡೆದ ಸೇವೆಯೂ ಆ ಐದಾರು ನಿಮಿಷಗಳೂ ಒಂದೇ ತಕ್ಕಡಿಯಲ್ಲಿ ಬಿದ್ದು, ನಿಮಿಷಗಳೇ ಹೆಚ್ಚು ತೂಗುತ್ತವೆ. ಬಾಲ್ಯದಲ್ಲಿ ಓದಿದ ಶ್ರವಣಕುಮಾರನ ನಾಟಕವು ಈ ತಕ್ಕಡಿಗೆ ಕಲ್ಲನ್ನು ಒದಗಿಸಿತೆಂದು ತೋರುತ್ತದೆ. ಶ್ರವಣನಿಗೆ ಹೆಂಡತಿಯ ಕೋಣೆಯೆಂಬುದು ಆ ಕಥೆಯಲ್ಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಈ ಬಾರಿ ಚೀಟಿಯನ್ನು ಓದಬೇಕಾದವರೇ ಇರಲಿಲ್ಲ. ಕಳ್ಳತನವನ್ನು ಕೇಳಿಸಿಕೊಂಡವರ ಮರಣವೇ ಇಲ್ಲಿ ತಪ್ಪಿನ ಸಂದರ್ಭವಾಯಿತು. ಕೇಳುವವರಿಲ್ಲದ ನಿವೇದನೆಯನ್ನು ನಲವತ್ತು ವರ್ಷಗಳ ಬಳಿಕ ಒಂದು ದೇಶದ ಮುಂದೆ ಓದಿದಂತೆ ಈ ಅಧ್ಯಾಯವಿದೆ.

ಇತಿಹಾಸದ ದೃಷ್ಟಿಯಿಂದ ಇನ್ನೂ ಗಂಭೀರವಾದ ಕೊರತೆಯೊಂದಿದೆ. ಹದಿಮೂರನೆಯ ವಯಸ್ಸಿಗೆ ಆದ ತಮ್ಮ ಮದುವೆಯನ್ನು ಗಾಂಧೀಜಿಯವರು ಮೂರನೆಯ ಅಧ್ಯಾಯದಲ್ಲಿ ನಿರ್ದಾಕ್ಷಿಣ್ಯವಾಗಿ ಖಂಡಿಸಿದ್ದಾರೆ. ಖರ್ಚು ಕಡಮೆಯಾಗಲೆಂದು ಹಿರಿಯರು ಮೂವರು ಹುಡುಗರ ಮದುವೆಗಳನ್ನು ಒಟ್ಟಿಗೆ ಮಾಡಿದರೆಂದೂ, ಅದನ್ನು ಸಮರ್ಥಿಸುವ ನೈತಿಕ ವಾದ ಯಾವುದೂ ಕಾಣದೆಂದೂ ಬರೆದವರು ಅವರೇ. ಆರು ಅಧ್ಯಾಯಗಳು ಕಳೆಯುವಷ್ಟರಲ್ಲಿ ಆ ಕಾರಣವೆಲ್ಲ ಮರೆಯಾಗಿ, ಹದಿನಾರರ ಹುಡುಗನ ಕಾಮವೊಂದೇ ಆರೋಪಿಯ ಕಟ್ಟೆಯಲ್ಲಿ ನಿಲ್ಲುತ್ತದೆ. ಹಿರಿಯರು ಕೋಣೆಯನ್ನು ಕಟ್ಟಿಕೊಟ್ಟರು. ಹುಡುಗನು ಅದರೊಳಗೆ ಹೋದುದಕ್ಕೆ ಅವನೊಬ್ಬನೇ ಹೊಣೆಯಾದನು.

ಆದರೆ ಅದು ಅವನೊಬ್ಬನ ಕಥೆಯಾಗಿರಲಿಲ್ಲ. ೧೮೮೪ರಲ್ಲಿಯೇ ಬೆಹರಾಮ್‌ಜಿ ಮಲಬಾರಿಯವರು ಬಾಲ್ಯವಿವಾಹವನ್ನು ಕುರಿತ ತಮ್ಮ ಟಿಪ್ಪಣಿಗಳನ್ನು ಪ್ರಕಟಿಸಿ ದೇಶದಲ್ಲೆಲ್ಲ ಚರ್ಚೆಯೆಬ್ಬಿಸಿದ್ದರು. ೧೮೬೦ರ ದಂಡಸಂಹಿತೆಯಲ್ಲಿ ಹತ್ತು ವರ್ಷವೆಂದಿದ್ದ ಸಮ್ಮತಿಯ ವಯಸ್ಸು ೧೮೯೧ರಲ್ಲಿ, ಭಾರಿ ವಿರೋಧದ ನಡುವೆ, ಹನ್ನೆರಡಕ್ಕೆ ಏರಿತು. ೧೮೯೪ರಲ್ಲಿ ಮೈಸೂರು ಸಂಸ್ಥಾನವು ಎಂಟು ವರ್ಷ ತುಂಬದ ಹುಡುಗಿಯರ ಮದುವೆಯನ್ನು ನಿಷೇಧಿಸಿತು. ಅಂಥ ಕಾನೂನು ಬೇಕಾಯಿತೆಂಬುದೇ ಆ ಕಾಲದ ಸ್ಥಿತಿಗೆ ಸಾಕಷ್ಟು ಪ್ರಮಾಣ. ಆತ್ಮಕಥೆಯ ಕೊನೆಯ ಕಂತುಗಳು ಅಚ್ಚಾದ ೧೯೨೯ರಲ್ಲಿಯೇ ಶಾರದಾ ಕಾಯಿದೆ ಎಂದು ಹೆಸರಾದ ಶಾಸನವು ಹುಡುಗಿಯರಿಗೆ ಹದಿನಾಲ್ಕು, ಹುಡುಗರಿಗೆ ಹದಿನೆಂಟು ವರ್ಷವೆಂದು ಗೊತ್ತುಮಾಡಿತು. ಎಳೆಯ ತಾಯಂದಿರ ಎಳೆಯ ಶಿಶುಗಳು ಸಾಯುವುದು ಆ ಶತಮಾನದಲ್ಲಿ ಕಾಠಿಯಾವಾಡಕ್ಕೇ ವಿಶೇಷವಾಗಿರಲಿಲ್ಲ. ಇಷ್ಟೆಲ್ಲ ಮನೆಗಳಲ್ಲಿ ನಡೆಯುತ್ತಿದ್ದುದನ್ನು ತನ್ನ ಪಾಪಕ್ಕೆ ಬಂದ ಪ್ರತ್ಯೇಕ ಫಲವೆಂದು ಓದುವುದರಲ್ಲಿ ಎಲ್ಕಿಂಡ್ ಹೇಳಿದ 'ಸ್ವಂತ ಪುರಾಣ'ವು ಅಡಗಿದೆ. ಹದಿನಾರರಲ್ಲಿ ಹುಟ್ಟಿದ ಆ ಪುರಾಣವನ್ನು ಐವತ್ತಾರರ ಲೇಖಕರು ತಿದ್ದದೆ ಹಾಗೆಯೇ ಉಳಿಸಿಕೊಂಡರು. ಆತ್ಮಕರುಣೆಯ ಎರಡನೆಯ ಅಂಗವೆಂದು ನೆಫ್ ಹೇಳುವ ಸಾಮಾನ್ಯ ಮಾನುಷತೆಯ ಅರಿವು ಇಲ್ಲಿ ಇರಬೇಕಾಗಿತ್ತು. ಇದ್ದಿದ್ದರೆ ಹುಡುಗನ ತಪ್ಪು ಚಿಕ್ಕದಾಗುತ್ತಿತ್ತೋ ಇಲ್ಲವೋ, ಹಿರಿಯರ ತಪ್ಪು ಕಣ್ಣಿಗೆ ಬೀಳುತ್ತಿತ್ತು.

ಕಸ್ತೂರಬಾ ಕೂಡ ಕಾಣುತ್ತಿದ್ದರು. ಆಕೆಗೂ ಅಂದು ಹದಿನಾರೇ ವರ್ಷ. ಇಮ್ಮಡಿ ನಾಚಿಕೆಯ ಎರಡು ಎಣಿಕೆಗಳಲ್ಲಿಯೂ ಆಕೆ ಇಲ್ಲ. ಒಂದರಲ್ಲಿ ಓದು, ಇನ್ನೊಂದರಲ್ಲಿ ತಂದೆ. ನಿದ್ದೆಯಿಂದ ಎಬ್ಬಿಸಲ್ಪಟ್ಟ, ಮಾವನ ಮರಣದ ಗದ್ದಲದ ನಡುವೆ ಹೆತ್ತು, ನಾಲ್ಕು ದಿನಗಳಲ್ಲಿ ಮಗುವನ್ನು ಕಳೆದುಕೊಂಡ ಹುಡುಗಿಗೆ ಏನಾಯಿತೆಂಬುದಕ್ಕೆ ಅಧ್ಯಾಯದಲ್ಲಿ ಒಂದು ವಾಕ್ಯವೂ ಇಲ್ಲ. ರೂಸೋ ತನ್ನನ್ನು ಮನ್ನಿಸಿಕೊಂಡು ಮರಿಯೋನಳನ್ನು ಬೇಗ ಬಿಟ್ಟುಕೊಟ್ಟನು. ಇಲ್ಲಿ ತನ್ನನ್ನು ಮನ್ನಿಸದವರ ಬರವಣಿಗೆಯಲ್ಲಿಯೂ ಎದುರಿಗಿದ್ದವಳು ಮರೆಯಾಗಿದ್ದಾಳೆ. ಕಠೋರವಾದ ಆತ್ಮನಿಂದೆಯೂ ಒಂದು ಬಗೆಯಲ್ಲಿ ತನ್ನ ಮೇಲೆಯೇ ನೆಟ್ಟ ದೃಷ್ಟಿ. ತರಗತಿಯಲ್ಲಿ ಈ ಅಧ್ಯಾಯವನ್ನು ಓದಿಸಿದಾಗ ಈ ಕೊರತೆಯನ್ನು ಮೊದಲು ಎತ್ತಿ ತೋರಿಸುವವರು ಸಾಮಾನ್ಯವಾಗಿ ವಿದ್ಯಾರ್ಥಿನಿಯರು.

ಇಲ್ಲೊಂದು ಪ್ರತಿವಾದ ಬರಬಹುದು. ಆ ರಾತ್ರಿಯ ಪಶ್ಚಾತ್ತಾಪವೇ ಮುಂದೆ ಗಾಂಧೀಜಿಯವರನ್ನು ರೋಗಿಗಳ ಶುಶ್ರೂಷೆಗೂ ಬ್ರಹ್ಮಚರ್ಯಕ್ಕೂ ಕರೆದೊಯ್ದಿತು; ಮೃದುವಾಗಿ ನೋಡಿಕೊಂಡಿದ್ದರೆ ಮಹಾತ್ಮನೇ ಹುಟ್ಟುತ್ತಿರಲಿಲ್ಲ ಎಂದು. ೧೯೬೯ರಲ್ಲಿ 'ಗಾಂಧೀಸ್ ಟ್ರುಥ್' ಎಂಬ ಗ್ರಂಥವನ್ನು ಬರೆದ ಎರಿಕ್ಸನ್ ಕೂಡ ಈ ಘಟನೆಗೆ ಬಹಳ ಬೆಲೆ ಕೊಟ್ಟಿದ್ದಾನೆ. ಶುಶ್ರೂಷೆಯ ಮಟ್ಟಿಗೆ ಈ ವಾದವು ನಿಲ್ಲದು. ಆ ಹುಡುಗನು ತಂದೆಯ ಕಾಲೊತ್ತುತ್ತಿದ್ದುದು ಆ ರಾತ್ರಿಗೆ ಮುಂಚೆ; ಕಸರತ್ತನ್ನು ತಪ್ಪಿಸಿಕೊಳ್ಳಲು ಬಯಸಿದುದೂ ಶುಶ್ರೂಷೆಗಾಗಿಯೇ. ಕಾರಣವು ಕಾರ್ಯಕ್ಕಿಂತ ಮುಂಚೆ ಬರಬೇಕೆಂಬುದು ಇತಿಹಾಸದ ಮೊದಲ ಪಾಠವಷ್ಟೆ. ಬ್ರಹ್ಮಚರ್ಯದ ಮಾತು ಬೇರೆ. ಅದರ ಚರ್ಚೆ ಈ ಲೇಖನದ ವ್ಯಾಪ್ತಿಗೆ ಮೀರಿದುದು. ಆದರೆ ಎರಿಕ್ಸನ್ ತನ್ನ ಗ್ರಂಥದ ನಡುವೆ ನಿರೂಪಣೆಯನ್ನು ನಿಲ್ಲಿಸ, ಅಗಲಿದ ಗಾಂಧೀಜಿಯವರಿಗೇ ನೇರವಾಗಿ ಬರೆದಂತೆ ಒಂದು ಪತ್ರವನ್ನು ಸೇರಿಸಿದ್ದಾನೆಂಬುದನ್ನು ಮರೆಯಬಾರದು. ಅಹಿಂಸೆಯನ್ನು ಬೋಧಿಸಿದವರು ತಮ್ಮ ಮೇಲೆಯೂ ಹತ್ತಿರದವರ ಮೇಲೆಯೂ ಹಿಂಸೆಯನ್ನು ಉಳಿಸಿಕೊಂಡರೆಂಬುದು ಅದರ ದೂರು.

ಆ ದೂರಿಗೆ ಆಧಾರವಿಲ್ಲದೆ ಇಲ್ಲ. ೧೯೧೦ರಲ್ಲಿ ಜೊಹಾನ್ಸ್‌ಬರ್ಗಿನ ಬಳಿ ಟಾಲ್‌ಸ್ಟಾಯ್ ಫಾರಂ ಆರಂಭವಾಯಿತು. ಅಲ್ಲಿ ಹುಡುಗರು ಇಬ್ಬರು ಹುಡುಗಿಯರನ್ನು ಗೇಲಿ ಮಾಡಿದಾಗ, ಗಾಂಧೀಜಿಯವರು ಹುಡುಗರನ್ನು ಎಚ್ಚರಿಸಿದುದಲ್ಲದೆ, ಹುಡುಗಿಯರನ್ನು ಒಪ್ಪಿಸಿ ಅವರ ನೀಳವಾದ ಕೂದಲನ್ನು ತಾವೇ ಕತ್ತರಿಸಿಹಾಕಿದರು. ಅದನ್ನು ಅವರು ದಕ್ಷಿಣ ಆಫ್ರಿಕದ ಸತ್ಯಾಗ್ರಹದ ಇತಿಹಾಸದಲ್ಲಿ ತೃಪ್ತಿಯಿಂದಲೇ ಬರೆದಿದ್ದಾರೆ. ಮುಂದೆ ಫೀನಿಕ್ಸ್ ಆಶ್ರಮದ ಇಬ್ಬರು ತಪ್ಪಿ ನಡೆದಾಗ, ಪೋಷಕನೂ ಹೊಣೆಗಾರನೆಂದು ಹೇಳಿ ತಾವೇ ಏಳು ದಿನ ಉಪವಾಸ ಮಾಡಿದರು. ಹರಿದ ಚೀಟಿಯ ತಂದೆಯೂ ಇಮ್ಮಡಿ ನಾಚಿಕೆಯ ಮಗನೂ ಅವರಲ್ಲಿ ಒಟ್ಟಿಗಿದ್ದರು. ಯಾವಾಗ ಯಾರು ಮುಂದೆ ಬರುವರೆಂದು ಎಳೆಯರಿಗೆ ತಿಳಿಯುತ್ತಿರಲಿಲ್ಲವೇನೋ.

ಎಲ್ಲಕ್ಕಿಂತ ಹೆಚ್ಚಾಗಿ ಅದನ್ನು ಅನುಭವಿಸಿದವರು ಹಿರಿಯ ಮಗ ಹರಿಲಾಲರು. ಮೊದಲ ಶಿಶುವು ತೀರಿಕೊಂಡ ಬಳಿಕ ೧೮೮೮ರಲ್ಲಿ, ತಂದೆ ಇಂಗ್ಲೆಂಡಿಗೆ ಹೊರಡುವ ಕೆಲವು ತಿಂಗಳುಗಳ ಹಿಂದೆ, ಹುಟ್ಟಿದವರು ಅವರು. ತಮ್ಮ ಹಿರಿಯ ಮಗನಲ್ಲಿ ಕಾಣುವ ಅನಿಷ್ಟ ಗುಣಗಳು ತಮ್ಮದೇ ಅಶಿಸ್ತಿನ ಆರಂಭದ ಬಾಳಿನ ಪ್ರತಿಧ್ವನಿಯೆಂದು ಗಾಂಧೀಜಿಯವರು ಆತ್ಮಕಥೆಯಲ್ಲಿಯೇ ಬರೆದಿದ್ದಾರೆ. ತಂದೆಯು ತನ್ನ ಹರೆಯಕ್ಕೆ ಕೊಟ್ಟ ತೀರ್ಪು ಹೀಗೆ ಮಗನ ಬಾಳಿಗೂ ಅನ್ವಯವಾಯಿತು. ಆದರೆ ಅಲ್ಲಿಯೇ, ಲೇಖಕರ ಪ್ರಾಮಾಣಿಕತೆಗೆ ಸಾಕ್ಷಿಯಾಗಿ, ಮಗನ ಭಿನ್ನಮತವೂ ದಾಖಲಾಗಿದೆ. ತಂದೆ ಭೋಗದ ಕಾಲವೆಂದು ಕರೆಯುವುದನ್ನು ಮಗನು ಒಪ್ಪುವುದಿಲ್ಲ. ಅದೇ ಅವರ ಬಾಳಿನ ಬೆಳಕಿನ ಕಾಲವಾಗಿತ್ತೆಂದೂ, ಆಮೇಲಿನ ಬದಲಾವಣೆಗಳೇ ಭ್ರಮೆಯೆಂದೂ ಅವನು ನಂಬಿದ್ದಾನೆ. ಹರಿಲಾಲರ ನಂಬಿಕೆಯನ್ನು ನಾವು ಪೂರ್ತಿಯಾಗಿ ಒಪ್ಪಬೇಕಾಗಿಲ್ಲ. ಆದರೆ ಮೋಹನದಾಸನ ಪರವಾಗಿ ಆ ಗ್ರಂಥದಲ್ಲಿ ಎದ್ದು ನುಡಿದವರು ಅವರೊಬ್ಬರೇ.